‘ಊರಲ್ಲಿ ಬೇಡ ಮೇಡಂ, ಮೈಸೂರಲ್ಲಿ ಇದ್ರೆ ಹೇಳಿ’

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಜೂನ್ ತಿಂಗಳ ಜೋರು ಮಳೆಯಲ್ಲಿ, ಕುಡಿತ ಬಿಡಲು ಸಹಾಯ ಕೇಳಿಕೊಂಡು ಗಂಡ ಹೆಂಡತಿ ನನ್ನ ಬಳಿ ಬಂದರು. ಗಂಡನಿಗೆ 54 ವರ್ಷ. ಮಿಲಿಟರಿಯಿಂದ ನಿವೃತ್ತರಾಗಿ ನಾಪೋಕ್ಲು ಕಡೆ ಕಾಫಿ ತೋಟ ನೋಡಿಕೊಂಡಿದ್ದರು. ನೀರು ಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದರು, ಆದರೂ ಶರ್ಟಿನ ಮೇಲೆ ಚೆಲ್ಲಿತು. ಹೆಂಡತಿ ಏನೂ ಮಾತಾಡದೆ ಸೆರಗಿನಿಂದ ಒರೆಸಿದರು.

“ಬೆಳಗ್ಗೆ ಎದ್ದ ಕೂಡಲೇ ಬೇಕು. ಇಲ್ಲದಿದ್ರೆ ಕೈ ನಿಲ್ಲುವುದಿಲ್ಲ.”

ಅವರು ಹೊರಗೆ ಹೋದಾಗ ಹೆಂಡತಿ ಪರ್ಸಿನಿಂದ ಒಂದು ಪೊಟ್ಟಣ ತೆಗೆದರು. ಗೊತ್ತಾಗದ ಹಾಗೆ ಸಾರಿಗೆ ಹಾಕಿ ಎಂದು ಯಾರೋ ಕೊಟ್ಟ ಪುಡಿ. ದಯವಿಟ್ಟು ಬೇಡ ಎಂದೆ. ಇಂಥ ಪುಡಿಯಲ್ಲಿ ಡೈಸಲ್ಫಿರಾಮ್, ಅಂದರೆ ಕುಡಿತ ಬಿಡಿಸಲು ಕೊಡುವ ಮಾತ್ರೆ, ಇರಬಹುದು. ಹಾಗಿದ್ದು ಅದರ ಮೇಲೆ ಅವರು ಕುಡಿದರೆ ಎದೆ ಬಡಿತ ಏರಿ, ಬಿಪಿ ಕುಸಿದು, ಪ್ರಾಣಕ್ಕೇ ಅಪಾಯ. ಆ ಮಾತ್ರೆ ಕೊಡುವುದಾದರೆ ಡಾಕ್ಟರೇ ಕೊಡಬೇಕು, ಕುಡಿಯುವವರಿಗೆ ಗೊತ್ತಿದ್ದೇ ಕೊಡಬೇಕು. ಹೆಂಡತಿಯ ಕಣ್ಣು ತುಂಬಿತು. ತಪ್ಪು ಅವರದ್ದಲ್ಲ. ಬೇರೆ ದಾರಿ ಯಾರೂ ತೋರಿಸಿರಲಿಲ್ಲ, ಅಷ್ಟೇ.

“ಇವತ್ತಿನಿಂದಲೇ ಬಿಡ್ತೇನೆ” ಎಂದು ಗಂಡ ಹೊರಟಾಗ ನಾನೇ ತಡೆದೆ. ಇಷ್ಟು ವರ್ಷ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನ ಇಲ್ಲದ್ದು ಕಾಣಬಹುದು, ಕೇಳಿಸಬಹುದು. ಮೊದಲು ಆಸ್ಪತ್ರೆ ಎಂದು ಮಡಿಕೇರಿಗೆ ಕಳಿಸಿದೆ. ಒಂದು ವಾರ ದಾಖಲಾಗಿದ್ದು, ಔಷಧಿ ತೆಗೆದುಕೊಂಡು ಬಂದರು. ಕೈ ನಡುಗುವುದು ನಿಂತಿತ್ತು.

ಕಷ್ಟದ ಮಾತು ಬಂದದ್ದು ಆಮೇಲೆ. ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಸೇರಿ ಒಬ್ಬರಿಗೊಬ್ಬರು ನೆರವಾಗುವ ಗುಂಪು. ಅದರ ಮೀಟಿಂಗಿಗೆ ಹೋಗಿ ಎಂದೆ. ಮುಖ ಬಿಗಿಯಾಯಿತು. “ಯಾರಾದ್ರೂ ನೋಡಿದ್ರೆ? ನಮ್ಮ ಒಕ್ಕದ (ಮನೆತನದ) ಹೆಸರು ಎಂತ ಆಗ್ಬೇಕು? ಊರಲ್ಲಿ ಬೇಡ ಮೇಡಂ, ಮೈಸೂರಲ್ಲಿ ಇದ್ರೆ ಹೇಳಿ.”

ಇದನ್ನು ನೆಪ ಎಂದು ನಾನು ತಳ್ಳಿಹಾಕುವುದಿಲ್ಲ. ಕೊಡಗಿನಲ್ಲಿ ಮನೆ ಹೆಸರು ಹೇಳಿದರೆ ಸಾಕು, ಮೂರು ತಲೆಮಾರು ಗೊತ್ತಾಗಿಬಿಡುತ್ತದೆ. ಮೈಸೂರೇ ಆಗಲಿ ಎಂದೆ. ಎ.ಎ. ಸಹಾಯವಾಣಿಗೆ ಅವರ ಎದುರೇ ಫೋನ್ ಮಾಡಿದೆ. ಮೂರು ವಿಷಯ ಕೇಳಿಕೊಂಡೆ: ಯಾವ ದಿನ ಎಷ್ಟು ಗಂಟೆಗೆ, ಕನ್ನಡದಲ್ಲಿ ನಡೆಯುತ್ತದಾ, ಓಪನ್ ಮೀಟಿಂಗಾ ಕ್ಲೋಸ್ಡಾ. ಓಪನ್ ಆದರೆ ಮನೆಯವರೂ ಕೂರಬಹುದು. ಕ್ಲೋಸ್ಡ್ ಆದರೆ ಕುಡಿತ ಬಿಡಬೇಕೆಂದಿರುವವರು ಮಾತ್ರ. ಜಾಗ, ಸಮಯ ಬದಲಾಗುತ್ತಿರುತ್ತದೆ. ಅಷ್ಟು ದೂರ ಬಸ್ಸಲ್ಲಿ ಹೋಗಿ ಬೀಗ ನೋಡಿ ಬಂದವರು ಮತ್ತೆ ಹೋಗುವುದಿಲ್ಲ. ಅದಕ್ಕೇ ಹೊರಡುವ ದಿನ ಬೆಳಗ್ಗೆ ಇನ್ನೊಮ್ಮೆ ಫೋನ್ ಮಾಡಿಸಿದೆ.

ಒಳಗೆ ಏನು ನಡೆಯುತ್ತದೆ ಎಂದೂ ಬಿಡಿಸಿ ಹೇಳಿದೆ. ಫೀಸಿಲ್ಲ. ಖರ್ಚಿಗೆ ಡಬ್ಬಿ ಬಂದರೆ ಹಾಕಬಹುದು, ಬಿಡಬಹುದು. ಮನೆ ಹೆಸರು ಬೇಡ, ನಿಮ್ಮ ಹೆಸರೊಂದೇ ಸಾಕು. ಮಾತಾಡಲೇಬೇಕೆಂದಿಲ್ಲ, ಸುಮ್ನೆ ಕೇಳಿಸಿಕೊಳ್ಳಿ. 1935ರಲ್ಲಿ ಅಮೆರಿಕದಲ್ಲಿ ಕುಡಿತದಿಂದ ಸೋತ ಇಬ್ಬರು ಎದುರುಬದುರು ಕೂತು ಮಾತಾಡಿದ್ದರಿಂದ ಶುರುವಾದದ್ದು ಇದು. ಒಬ್ಬರು ಷೇರು ವ್ಯವಹಾರದವರು, ಇನ್ನೊಬ್ಬರು ಡಾಕ್ಟರ್. “ಡಾಕ್ಟ್ರಾ?” ಎಂದು ಅವರು ಮೊದಲ ಸಲ ತಲೆಯೆತ್ತಿದರು.

ಒಂದು ಮೀಟಿಂಗಿನಿಂದ ತೀರ್ಮಾನ ಮಾಡಬೇಡಿ, ಆರು ಮೀಟಿಂಗಿಗಾದರೂ ಹೋಗಿ ಎಂದೆ. ಮೊದಲ ದಿನ ಎದುರಿನ ಟೀ ಅಂಗಡಿಯಲ್ಲಿ ಇಪ್ಪತ್ತು ನಿಮಿಷ ಕೂತಿದ್ದರಂತೆ. ಪಕ್ಕದಲ್ಲಿ ಟೀ ಕುಡಿಯುತ್ತಿದ್ದವರು ದುಡ್ಡು ಕೊಟ್ಟು ಎದ್ದು, “ಮೇಲೆ ತಾನೆ? ಬನ್ನಿ, ನಾನೂ ಅಲ್ಲಿಗೇ” ಎಂದರಂತೆ. ನಾನು ಹೇಳಿದ ಎಲ್ಲಕ್ಕಿಂತ ಆ ಒಂದು ಮಾತು ಜಾಸ್ತಿ ಕೆಲಸ ಮಾಡಿತು.

ನಡುವೆ ಆನ್‌ಲೈನ್ ಮೀಟಿಂಗೂ ಇತ್ತು. ಮಳೆಗಾಲದಲ್ಲಿ ನೆಟ್‌ವರ್ಕ್ ಎಲ್ಲಿ? ಕೊಡೆ ಹಿಡಿದು ತೋಟದ ಮೇಲಿನ ದಿಣ್ಣೆ ಹತ್ತಬೇಕಿತ್ತು. ಹತ್ತಿದರು.

ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತ, ಕೊಡವರ ಆಯುಧ ಪೂಜೆಯ ಹಬ್ಬ. ಐನ್‌ಮನೆಯಲ್ಲಿ ಅಂದರೆ ಒಕ್ಕದ ಮೂಲ ಮನೆಯಲ್ಲಿ ಎಲ್ಲರೂ ಸೇರಿದ್ದರು. ದೊಡ್ಡವರು ಕೊಟ್ಟ ಗ್ಲಾಸ್ ಬೇಡ ಎನ್ನಲಾಗಲಿಲ್ಲ. ಒಂದು ನಾಲ್ಕಾಯಿತು. ಆಮೇಲೆ ನಾಚಿಕೆಯಿಂದ ಎರಡು ವಾರ ಎಲ್ಲಿಗೂ ಹೋಗಲಿಲ್ಲ, ನನ್ನ ಫೋನೂ ಎತ್ತಲಿಲ್ಲ. ಇಲ್ಲಿ ನನ್ನದೂ ತಪ್ಪಿದೆ. ಹಬ್ಬದ ಬಗ್ಗೆ ಮೊದಲೇ ಕೂತು ಮಾತಾಡಬೇಕಿತ್ತು. ಮತ್ತೆ ಬಂದಾಗ ಬೈಯಲಿಲ್ಲ. ಡಾಕ್ಟರಿಗೆ ತೋರಿಸಿ, ನೇರ ಮೀಟಿಂಗಿಗೆ ಹೋಗಿ ಕುಡಿದೆ ಎಂದೇ ಹೇಳಿ ಎಂದೆ. ಹೇಳಿದರಂತೆ. ಯಾರೂ ಮುಖ ತಿರುಗಿಸಲಿಲ್ಲ.

ಹೆಂಡತಿಗೆ ಅಲ್-ಅನಾನ್ ಹೇಳಿದೆ, ಅದು ಮನೆಯವರ ಗುಂಪು. ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರ, ಅದಾದ ಮೇಲೆ ಕುಡಿತ ಬಿಟ್ಟವರು ಸೇರುವ ನವಜೀವನ ಸಮಿತಿಯ ಬಗ್ಗೆಯೂ ತಿಳಿಸಿದೆ. ಭಜನೆ, ಊರಿನವರ ಬೆಂಬಲ ಹಿಡಿಸುವವರಿಗೆ ಅದು ಚೆನ್ನಾಗಿ ಹೊಂದುತ್ತದೆ. ಇವರಿಗೆ ಎ.ಎ. ಸಾಕೆನಿಸಿತು. ರಾತ್ರಿ ಮನಸ್ಸು ತಡೆಯದಿದ್ದರೆ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಈಗ ಅದು ಗಂಡನ ಪರ್ಸಿನಲ್ಲಿ, ಮಿಲಿಟರಿ ಕ್ಯಾಂಟೀನಿನಿಂದ ಮದ್ಯ ತರುವ ಕಾರ್ಡ್ ಇದ್ದ ಜಾಗದಲ್ಲಿದೆ. ಕಾರ್ಡನ್ನು ಹೆಂಡತಿಯ ಕೈಗೆ ಅವರೇ ಕೊಟ್ಟಿದ್ದಾರೆ.

ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಈ ಸಲ ಮೊದಲೇ ತಯಾರಿ ಮಾಡಿದ್ದೇವೆ. ಊಟದ ಹೊತ್ತಿಗೆ ಹೋಗುವುದು, ಕೈಯಲ್ಲಿ ಮೊದಲೇ ನಿಂಬೆ ಶರಬತ್ತು ಹಿಡಿದಿರುವುದು, ಅಣ್ಣನಿಗೆ ಮುಂಚಿತವಾಗಿ ವಿಷಯ ಹೇಳಿಡುವುದು. ಅಣ್ಣನಿಗೆ ಕಳೆದ ಭಾನುವಾರ ಹೇಳಿದರು. ಅಣ್ಣ ತುಂಬ ಹೊತ್ತು ಸುಮ್ಮನಿದ್ದು, “ಆ ಮೀಟಿಂಗ್ ಎಲ್ಲಿ ಆಗೋದು?” ಎಂದು ಕೇಳಿದರಂತೆ.