ಸರಾಸರಿ ಚೆನ್ನಾಗಿದೆ, ಶೀಟ್ ಯಾಕೆ ಸೀಳುತ್ತೆ?

ಪ್ರಶ್ನೆ: ಸಾರ್, ನಾನು ಮಾಡ್ಯುಲರ್ ಕಿಚನ್ ಮಾಡಿಸಿಕೊಡುತ್ತೇನೆ. ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ) ಶೀಟಿಗೆ ಇಬ್ಬರು ಸಪ್ಲೈಯರ್‌ಗಳು ಟೆಸ್ಟ್ ರಿಪೋರ್ಟ್ ಕೊಟ್ಟರು. ಇಂಟರ್ನಲ್ ಬಾಂಡ್ (ಶೀಟಿನ ಒಳಗಿನ ಹಿಡಿತದ ಬಲ) ಸರಾಸರಿ ಒಬ್ಬರದ್ದು 0.90, ಇನ್ನೊಬ್ಬರದ್ದು 0.80. ಜಾಸ್ತಿ ಇರುವುದನ್ನೇ ತಂದೆ. ಈಗ ಅಂಚಿಗೆ ಸ್ಕ್ರೂ ಹಾಕಿದರೆ ಕೆಲವು ಶೀಟ್ ಸೀಳುತ್ತಿವೆ. ರಿಪೋರ್ಟ್ ಸುಳ್ಳಾ? ಎರಡರ ಫೋಟೋ ಕಳಿಸಿದ್ದೇನೆ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಸುಳ್ಳೇ ಆಗಿರಬೇಕಿಲ್ಲ. ಸರಾಸರಿಯ ಪಕ್ಕದಲ್ಲೇ ಸ್ಟ್ಯಾಂಡರ್ಡ್ ಡೀವಿಯೇಷನ್ ಅಂತ ಇದೆ ನೋಡಿ, ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ಹೇಳುವ ಅಂಕಿ. ನೀವು ತಂದ ಮಾಲಿಗೆ 0.20, ಬಿಟ್ಟ ಮಾಲಿಗೆ 0.06. ನಾನು ಲ್ಯಾಬಿನಲ್ಲಿದ್ದಾಗ ಸರಾಸರಿಗಿಂತ ಮೊದಲು ನೋಡುತ್ತಿದ್ದದ್ದು ಇದನ್ನೇ.

ಈ ಟೆಸ್ಟಿಗೆ 50 ಮಿಲಿಮೀಟರ್ ಚೌಕದ ತುಂಡು ಕತ್ತರಿಸಿ, ಮೇಲೂ ಕೆಳಗೂ ಲೋಹದ ಬ್ಲಾಕ್ ಅಂಟಿಸಿ, ಮೆಷಿನ್ನಿನಲ್ಲಿ ಎಳೆಯುತ್ತಾರೆ. ಟಪ್ ಅಂತ ಬಿಡುವುದು ಸಾಮಾನ್ಯವಾಗಿ ನಡುವೆ. ಬಿಸಿ ಪ್ರೆಸ್ಸಿನಲ್ಲಿ ಮೇಲ್ಪದರ ಗಟ್ಟಿಯಾಗುತ್ತದೆ, ಒಳಗೆ ಅಷ್ಟು ಬಿಗಿ ಇರುವುದಿಲ್ಲ. ನಿಮ್ಮ ಸ್ಕ್ರೂ ಹೋಗುವುದೂ ಅಲ್ಲಿಗೇ ಅಲ್ವಾ?

ಅಳತೆಗಳು ಸರಾಸರಿಯ ಎರಡೂ ಕಡೆ ಮಾಮೂಲಿ ಗಂಟೆಯಾಕಾರದಲ್ಲಿ ಹರಡಿವೆ ಅಂದುಕೊಳ್ಳಿ. ಡೀವಿಯೇಷನ್ನಿನ 1.645 ಪಟ್ಟನ್ನು ಸರಾಸರಿಯಿಂದ ಕಳೆಯಿರಿ. ನೂರಕ್ಕೆ 5 ತುಂಡು ಅದಕ್ಕಿಂತ ಕೆಳಗಿರುತ್ತವೆ. ನೀವು ತಂದದ್ದಕ್ಕೆ ಅದು 0.57, ಬಿಟ್ಟದ್ದಕ್ಕೆ 0.70. ಸೀಳುವುದು ಸರಾಸರಿ ಶೀಟ್ ಅಲ್ಲ, ಈ ಕೆಳಗಿನವು. ಸ್ವೀಡನ್ನಿನ ಎಂಜಿನಿಯರ್ ವೈಬುಲ್ 1939ರಲ್ಲೇ ವಸ್ತುಗಳ ಬಲವನ್ನು ಹೀಗೆ ದುರ್ಬಲ ಕೊಂಡಿಯಿಂದ ಲೆಕ್ಕ ಹಾಕಿದ. ಮರದ ಹಲಗೆಗಳಿಗೂ ಅವನ ಸೂತ್ರವನ್ನು ಬಳಸುತ್ತಾರೆ.

ನನಗೆ ಇದಕ್ಕಿಂತ ಜಾಸ್ತಿ ಅನುಮಾನ ಬಂದದ್ದು ಬೇರೆ ಕಡೆ. ಎರಡೂ ರಿಪೋರ್ಟಿನಲ್ಲಿ ಎಳೆದಿರುವುದು ಬರೀ 8 ತುಂಡು! ಅದರಲ್ಲಿ ಎಲ್ಲಕ್ಕಿಂತ ಕಡಿಮೆ ಬಂದ ಅಂಕಿ ಹಿಡಿದು ‘ನೂರಕ್ಕೆ 95 ತುಂಡು ಇದಕ್ಕಿಂತ ಗಟ್ಟಿ’ ಎಂದರೆ, ಆ ಮಾತಿಗೆ ಶೇ. 34ರಷ್ಟೇ ಭರವಸೆ. ಶೇ. 95 ಭರವಸೆ ಬೇಕಾದರೆ 59 ತುಂಡು ಎಳೆಯಬೇಕು. ಕ್ಯಾಲ್ಕುಲೇಟರ್ ತೆಗೆದು 59 ಸಲ 0.95 ಹಾಕಿ ಗುಣಿಸಿ, 0.05ಕ್ಕಿಂತ ಕೆಳಗೆ ಬರುತ್ತದೆ. ದುರ್ಬಲವಾದ ಆ ನೂರಕ್ಕೆ 5ರಲ್ಲಿ ಒಂದೂ ಕೈಗೆ ಸಿಗದೇ ಹೋಗುವ ಸಾಧ್ಯತೆ ಅದು. ಅದೂ 59 ತುಂಡು ಬೇರೆ ಬೇರೆ ಶೀಟಿನವು, ಬೇರೆ ಬೇರೆ ದಿನ ಒತ್ತಿದವು ಆಗಿರಬೇಕು. ಒಂದೇ ಶೀಟನ್ನು ಕುಯ್ದು ಟೆಸ್ಟ್ ಮಾಡಿದರೆ ಆ ಶೀಟಿನ ಕಥೆಯಷ್ಟೇ ಗೊತ್ತಾಗುತ್ತದೆ.

ಮುಂದಿನ ಲೋಡ್ ತರುವ ಮುಂಚೆ ಒಂದೊಂದು ತುಂಡಿನ ಅಂಕಿಯನ್ನೂ ಕೇಳಿ ಪಡೆಯಿರಿ. ಸುಮ್ನೆ ಸರಾಸರಿ ಕೊಟ್ಟರೆ ಒಪ್ಪಬೇಡಿ. ಹಾಗೇ ನಿಮ್ಮ ಬಡಗಿಯನ್ನೂ ಒಂದು ಮಾತು ಕೇಳಿ: ಅಂಚಿಗೆ ಮೊದಲು ಸಣ್ಣ ಡ್ರಿಲ್ ಹೊಡೆಯುತ್ತಾರಾ? ಇಲ್ಲದಿದ್ದರೆ 0.80ರ ಮಾಲೂ ಸೀಳಬಹುದು.