‘ದಿ ಮ್ಯಾನ್ ಹೂ ವುಡ್ ಬಿ ಕಿಂಗ್’ ಕಥೆಯಲ್ಲಿ ಡ್ರಾವಟ್ ಸೋತಿದ್ದು ಯಾಕೆ?

ಹೆಣ್ಣಿನ ಸಹವಾಸ ಬೇಡವೆಂದು ಗೆಳೆಯ ಕಾರ್ನೆಹನ್ ಜೊತೆ ಮಾಡಿಕೊಂಡ ಕರಾರು ಮುರಿದು ಮದುವೆಗೆ ಹೊರಟಿದ್ದಕ್ಕೆ ಅಂತ ಜಾಸ್ತಿ ಜನ ಹೇಳುತ್ತಾರೆ. ನನ್ನ ಪ್ರಕಾರ ಅದು ಅರ್ಧ ಉತ್ತರ.

ರಡ್ಯಾರ್ಡ್ ಕಿಪ್ಲಿಂಗ್‌ನ ಈ ಕಥೆ ಬಂದದ್ದು 1888ರಲ್ಲಿ. ಬ್ರಿಟಿಷ್ ಅಲೆಮಾರಿಗಳಾದ ಡ್ರಾವಟ್ ಮತ್ತು ಕಾರ್ನೆಹನ್ 20 ಮಾರ್ಟಿನಿ ಬಂದೂಕುಗಳನ್ನು ಬಚ್ಚಿಟ್ಟುಕೊಂಡು, ಅಫ್ಘಾನಿಸ್ತಾನದ ಮೂಲೆಯ ಕಾಫಿರಿಸ್ತಾನಕ್ಕೆ ರಾಜರಾಗಲು ಹೋಗುತ್ತಾರೆ. ಅವರು ಗೆದ್ದ ರೀತಿಯನ್ನು ಗಮನಿಸಿ. ಎರಡು ಊರುಗಳ ಜಗಳದಲ್ಲಿ ಒಂದರ ಪರ ನಿಲ್ಲುತ್ತಾರೆ. ಆಮೇಲೆ ಜಮೀನಿನ ಗಡಿ ಗುರುತಿಸುತ್ತಾರೆ, ಅಲ್ಲಿನವರಿಗೇ ಕವಾಯತು ಕಲಿಸಿ ಸೈನ್ಯ ಕಟ್ಟುತ್ತಾರೆ. ಈಸ್ಟ್ ಇಂಡಿಯಾ ಕಂಪನಿ ನಮ್ಮಲ್ಲಿ ಮಾಡಿದ್ದೂ ಇದನ್ನೇ ಅಲ್ವಾ?

ಆದರೆ ಅಧಿಕಾರ ನಿಂತದ್ದು ಬಂದೂಕಿನ ಮೇಲಷ್ಟೇ ಅಲ್ಲ, ಇವರು ದೇವರು ಎಂಬ ನಂಬಿಕೆಯ ಮೇಲೆ. ಡ್ರಾವಟ್ ಆ ಸುಳ್ಳನ್ನು ತಾನೇ ನಂಬತೊಡಗುತ್ತಾನೆ. ಸಾಮ್ರಾಜ್ಯ ಕಟ್ಟಿ ವಿಕ್ಟೋರಿಯಾ ರಾಣಿಗೆ ಒಪ್ಪಿಸುವ ಕನಸು ಕಾಣುತ್ತಾನೆ. ಮದುವೆ ಬೇಡವೆಂದು ಗೆಳೆಯ ಹೇಳಿದರೂ ಕೇಳುವುದಿಲ್ಲ. ಹೆದರಿದ ಮದುಮಗಳು ಕಚ್ಚಿದಾಗ ಅವನ ಕುತ್ತಿಗೆಯಲ್ಲಿ ರಕ್ತ ಬರುತ್ತದೆ. ಇವನು ದೇವರಲ್ಲ, ದೆವ್ವವೂ ಅಲ್ಲ, ಬರೀ ಮನುಷ್ಯ ಅಂತ ಪೂಜಾರಿಗಳು ಕೂಗುತ್ತಾರೆ. ರಾಜ್ಯ ಅಲ್ಲಿಗೇ ಮುಗಿಯಿತು.