ಗ್ಲಾಕ್ ಕೆಳಗೆ ಬಿದ್ರೆ ಈಡು ಹಾರ್ತದಾ?

ಕಾರವಾರ ಬೀಚಲ್ಲಿ ಬಂದೋಬಸ್ತಿನವರ ಸೊಂಟದಲ್ಲಿ ಗ್ಲಾಕ್ ಪಿಸ್ತೂಲು ನೋಡಿದೆ, ಸೇಫ್ಟಿ ಲಿವರ್ರೇ ಇಲ್ಲ, ಬಿದ್ರೆ ಈಡು ಹಾರೋದಿಲ್ವಾ ಅಂತ ಕೇಳಿದ್ರಲ್ಲ, ಹಾರಬಾರದು ಅಂತ್ಲೇ ಒಳಗೆ 3 ತಡೆ ಇಟ್ಟಿದ್ದಾರೆ. ನಮ್ಮ ಶಿರಸಿ ಕಡೆ ತೋಟದ ಕೋವಿಗೆ ಹ್ಯಾಮರ್ ಹೊರಗೇ ಕಾಣ್ತದೆ, ಇದ್ರಲ್ಲಿ ಹ್ಯಾಮರ್ರೇ ಇಲ್ಲ, ಸ್ಪ್ರಿಂಗ್ ಹಾಕಿದ ಸ್ಟ್ರೈಕರ್ (ಗುಂಡಿನ ಹಿಂಭಾಗಕ್ಕೆ ಹೊಡೆಯೋ ಪಿನ್, ಫೈರಿಂಗ್ ಪಿನ್ ಅಂದ್ರೂ ಇದೇ) ಅರ್ಧ ಎಳೆದ ಹಾಗೆ ಕೂತಿರ್ತದೆ, ಟ್ರಿಗರ್ ಒತ್ತಿದಾಗ್ಲೇ ಅದಕ್ಕೆ ಜೋಡಿಸಿದ ಪಟ್ಟಿ, ಅಂದ್ರೆ ಟ್ರಿಗರ್ ಬಾರ್, ಸ್ಟ್ರೈಕರನ್ನ ಪೂರ್ತಿ ಹಿಂದಕ್ಕೆ ಎಳೆದು, ಕೆಳಗೆ ಜಾರಿ ಬಿಟ್ಬಿಡ್ತದೆ. ಮುಖ್ಯವಾದ್ದು ಫೈರಿಂಗ್ ಪಿನ್ ಸೇಫ್ಟಿ ನೋಡಿ, ಬಾಗಿಲ ಅಗಳಿ ಇದ್ದಹಾಗೆ ಒಂದು ಪುಟ್ಟ ತುಂಡು ಸ್ಟ್ರೈಕರ್ ದಾರಿಗೆ ಅಡ್ಡ ನಿಂತಿರ್ತದೆ, ಆ ಬಾರ್ ಬಂದು ಮೇಲೆ ತಳ್ಳೋವರೆಗೂ ಜಾಗ ಬಿಡೋದಿಲ್ಲ. ಇನ್ನು ಎರಡು ಅಂದ್ರೆ, ಅದನ್ನ ಒತ್ತದೆ ಟ್ರಿಗರ್ ಹಿಂದೆ ಹೋಗದ ಹಾಗೆ ತಡೆಯೋ ಟ್ರಿಗರ್ ಮಧ್ಯದ ಸಣ್ಣ ನಾಲಿಗೆ, ಮತ್ತೆ ಬಿದ್ದಾಗ ಬಾರ್ ಕೆಳಗೆ ಜಾರದ ಹಾಗೆ ಹಿಡಿಯೋ ಡ್ರಾಪ್ ಸೇಫ್ಟಿ. ಆದ್ರೆ ಬಟ್ಟೆ ಸಿಕ್ಕಿ ಟ್ರಿಗರ್ ಎಳೆದ್ರೆ ಮೂರೂ ಬಿಚ್ಕೊಳ್ತವೆ, ಟ್ರಿಗರ್ ಪೂರ್ತಿ ಮುಚ್ಚೋ ಗಟ್ಟಿ ಹೋಲ್ಸ್ಟರ್ (ಪಿಸ್ತೂಲು ಇಡೋ ಒರೆ) ಬೇಕೇ ಬೇಕು ಮಾರಾಯ್ರೆ.